ಮೂಟೆಯ ಹಾದಿ

ಕಪಿಲೆಗೆ ಹಾದಿಯ ಚಿಂತೆಯಿಲ್ಲ. ನಂಜನಗೂಡಿನಲ್ಲಿ ನಂಜುಂಡೇಶ್ವರನ ಸನ್ನಿಧಿಯನ್ನು ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿಯೇ ಕೂಡುತ್ತಾಳೆ. ಅವಳ ದಡದ ಊರುಗಳಿಗೆ ಹೋಗಬೇಕಾದ ಪಡಿತರದ ಅಕ್ಕಿಗೆ ಆ ಭಾಗ್ಯವಿಲ್ಲ. ಯಾವ ಮೂಟೆ ಯಾವ ಉಗ್ರಾಣದಿಂದ ಯಾವ ಊರಿಗೆ ಎಂಬುದನ್ನು ಯಾರಾದರೂ ಕುಳಿತು ಗೊತ್ತುಮಾಡಬೇಕು. ನಂಜನಗೂಡಿಗೆ 1891ರಲ್ಲಿಯೇ ರೈಲು ಬಂದಿತು. ನರಸೀಪುರಕ್ಕೆ ಬರಲೇ ಇಲ್ಲ. ಅಲ್ಲಿಯದೆಲ್ಲ ಮೊದಲು ಎತ್ತಿನ ಗಾಡಿಯ, ಆಮೇಲೆ ಲಾರಿಯ ವ್ಯವಹಾರ.

ಹತ್ತಿರದ ಉಗ್ರಾಣದಿಂದ ತಂದರಾಯಿತು, ಇದಕ್ಕೇಕೆ ಇಷ್ಟು ತಲೆನೋವು ಎಂದು ಓದುಗರಿಗೆ ತೋರಬಹುದು. ಲೆಕ್ಕ ಬೇರೆಯೇ ಮಾತನ್ನು ಹೇಳುತ್ತದೆ. ಎರಡು ಪಟ್ಟಣಗಳ ಉಗ್ರಾಣಗಳಲ್ಲಿಯೂ ನೂರು ನೂರು ಕ್ವಿಂಟಾಲ್ ಅಕ್ಕಿ ಇದೆಯೆಂದೂ, ಎರಡು ಹಳ್ಳಿಗಳ ನ್ಯಾಯಬೆಲೆ ಅಂಗಡಿಗಳಿಗೆ ನೂರು ನೂರು ಬೇಕೆಂದೂ ಇಟ್ಟುಕೊಳ್ಳಬಹುದು. ಒಂದು ಹಳ್ಳಿ ನಡುದಾರಿಯಲ್ಲಿದೆ: ನಂಜನಗೂಡಿಗೆ 14 ಕಿಲೋಮೀಟರು, ನರಸೀಪುರಕ್ಕೆ 18. ಇನ್ನೊಂದು ನಂಜನಗೂಡಿನ ಆಚೆಗೆ: ಅಲ್ಲಿಂದ 10, ನರಸೀಪುರದಿಂದ 40. ನಡುದಾರಿಯವರು ಹತ್ತಿರವೆಂದು ನಂಜನಗೂಡಿನ ದಾಸ್ತಾನನ್ನು ಒಯ್ದರೆ, ಆಚೆಯ ಹಳ್ಳಿಗೆ ನರಸೀಪುರವೇ ಗತಿ. ಒಟ್ಟು 5400 ಕ್ವಿಂಟಾಲ್-ಕಿಲೋಮೀಟರಿನ ಸಾಗಾಣಿಕೆ. ಅವರು ನಾಲ್ಕೇ ಕಿಲೋಮೀಟರು ಹೆಚ್ಚಿನ ದಾರಿಗೆ ಒಪ್ಪಿದರೆ 2800.

ಎರಡು ಹಳ್ಳಿಗಳಿಗಾದರೆ ಬೆರಳೆಣಿಕೆ ಸಾಕು; ನೂರಾರು ಅಂಗಡಿಗಳಿಗೆ ಸಾಲದು. ಫ್ರಾನ್ಸಿನ ಮೋಂಜನು 1781ರಲ್ಲಿ, ಮಣ್ಣು ಸಾಗಿಸುವ ನೆಪದಲ್ಲಿ, ಈ ಪ್ರಶ್ನೆಯನ್ನೆತ್ತಿದನು. ಸೋವಿಯತ್ ರಷ್ಯದ ಕಾಂಟೊರೊವಿಚ್ 1939ರಲ್ಲಿ ಇಂತಹ ಲೆಕ್ಕಗಳಿಗೆ ಮಾರ್ಗ ತೋರಿದನು. 1975ರಲ್ಲಿ ಕೂಪ್ಮನ್ಸನೊಡನೆ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು. ಆ ಬಗೆಯ ಲೆಕ್ಕವನ್ನೇ ಪಡಿತರದ ಲಾರಿಗಳಿಗೆ ಅನ್ವಯಿಸುವ ‘ಅನ್ನ ಚಕ್ರ’ವನ್ನು ಕೇಂದ್ರ ಸರ್ಕಾರವು 2024ರ ಡಿಸೆಂಬರಿನಲ್ಲಿ ಆರಂಭಿಸಿತು. ದೆಹಲಿಯ ಐಐಟಿಯೂ ವಿಶ್ವ ಆಹಾರ ಕಾರ್ಯಕ್ರಮವೂ ಅದಕ್ಕೆ ಕೈಜೋಡಿಸಿದುವು. ವರ್ಷಕ್ಕೆ 250 ಕೋಟಿ ರೂಪಾಯಿ ಉಳಿಯುವುದೆಂದು ಸರ್ಕಾರದ ಅಂದಾಜು. ಉಳಿದರೆ ಒಳ್ಳೆಯದೇ.

ಆದರೆ “ನಂಜನಗೂಡು ಇಲ್ಲೇ ಇರುವಾಗ ನಮಗೇಕೆ ನರಸೀಪುರದ ಲಾರಿ?” ಎಂದು ನಡುದಾರಿಯ ಹಳ್ಳಿಯವರು ಕೇಳಿದರೆ ಅದು ಮೊಂಡುವಾದವಲ್ಲ. ಲಾರಿ ಹೊತ್ತು ಮೀರಿ ಬಂದರೆ, ಚೀಲ ಹಿಡಿದು ಕಾದ ಹೆಂಗಸಿನ ಒಂದು ದಿನದ ಕೂಲಿ ಹೋಗುತ್ತದೆ. ಆ ನಷ್ಟವನ್ನು ಕ್ವಿಂಟಾಲ್-ಕಿಲೋಮೀಟರಿನ ಖಾತೆಯಲ್ಲಿ ಯಾರೂ ಬರೆಯುವುದಿಲ್ಲ. ದೂರವಾದರೂ ನಿಂತ ವಸ್ತುವೇ? 2018ರಲ್ಲಿಯೂ 2019ರಲ್ಲಿಯೂ ಕಪಿಲೆ ಉಕ್ಕಿ ಮಲ್ಲನಮೂಲೆಯ ಬಳಿ ಮೈಸೂರು ರಸ್ತೆಯನ್ನೇರಿದಳು. ವಾಹನಗಳು ಬಳಸುದಾರಿ ಹಿಡಿಯಬೇಕಾಯಿತು. ಅಂತಹ ದಿನ ನಂಜನಗೂಡಿನ ಉಗ್ರಾಣವೇ ತನ್ನ ಮೂಟೆಗಳಿಗಾಗಿ ಕಾಯಬೇಕಾದೀತು. ಆಗ 14ನ್ನೂ 18ನ್ನೂ ಮತ್ತೆ ಮೊದಲಿನಿಂದ ಬರೆದು ಕೂಡಬೇಕು. ಅದನ್ನು ಬೆಳಗಾಗುವುದರೊಳಗೆ, ಲಾರಿಗೆ ಮೂಟೆ ಏರಿಸುವ ಮೊದಲೇ ಮುಗಿಸಬೇಕು.