ಜಮೀನು ಮಾರಿಸುವವನಿಗೆ ಲೈಸೆನ್ಸ್ ಬೇಡವೇ?



ನಿಮ್ಮ ಊರಿನಲ್ಲಿ ಒಂದು ಚೀಲ ಯೂರಿಯ ಮಾರಬೇಕಾದರೆ ಸರ್ಕಾರದ ಅಧಿಕಾರ ಪತ್ರ ಬೇಕು. 1985ರ ರಸಗೊಬ್ಬರ ನಿಯಂತ್ರಣ ಆಜ್ಞೆ ಅದನ್ನು ಕಡ್ಡಾಯ ಮಾಡಿದೆ. ಬಿತ್ತನೆ ಬೀಜ ಮಾರುವವನಿಗೆ 1983ರ ಆಜ್ಞೆಯ ಪ್ರಕಾರ ಲೈಸೆನ್ಸ್ ಬೇಕು. ಕೀಟನಾಶಕದ ಅಂಗಡಿ ಇಡುವವನಿಗೆ 1968ರ ಕಾಯಿದೆಯ ಪ್ರಕಾರ ಲೈಸೆನ್ಸ್ ಬೇಕು. ಈಗಂತೂ ಅದಕ್ಕೆ ತಕ್ಕ ಪದವಿಯನ್ನೋ ತರಬೇತಿಯನ್ನೋ ಅವನು ಪಡೆದಿರಬೇಕು. ಮಾರುಕಟ್ಟೆ ಪ್ರಾಂಗಣದಲ್ಲಿ ನಿಮ್ಮ ರಾಗಿ, ಮೆಣಸಿನಕಾಯಿ ಮಾರಿಸಿಕೊಡುವ ದಲ್ಲಾಳಿಗೂ ಲೈಸೆನ್ಸ್ ಉಂಟು. ಅವನು ತಪ್ಪಿ ನಡೆದರೆ ಆ ಲೈಸೆನ್ಸನ್ನು ರದ್ದು ಮಾಡಲು ಮಾರುಕಟ್ಟೆ ಸಮಿತಿಗೆ ಅಧಿಕಾರವಿದೆ.

ಇವೆಲ್ಲಕ್ಕೂ ಮೂಲವಾದ ಜಮೀನನ್ನೇ ಮಾರಿಸಿಕೊಡುವ ದಲ್ಲಾಳಿಗೆ ಏನು ಬೇಕು? ಒಂದು ಮೋಟಾರ್ ಸೈಕಲ್ಲು, ಒಂದು ಫೋನು, ಚಹದ ಅಂಗಡಿಯ ಬೆಂಚಿನಲ್ಲಿ ಒಂದು ಜಾಗ. ಇಷ್ಟಿದ್ದರೆ ಸಾಕು.

ಎರಡು ವರ್ಷದ ಹಿಂದೆ, ಮುಂಗಾರಿನ ಬೀಜ ವಿತರಣೆಯ ಸಮಯದಲ್ಲಿ, ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಹಿರಿಯ ರೈತರೊಬ್ಬರು ಬಂದರು. ಬೀಜಕ್ಕೆ ಬಂದವರಲ್ಲ. ಕೊಳವೆ ಬಾವಿಯ ಸಾಲ ತೀರಿಸಲು ರಸ್ತೆ ಬದಿಯ ಒಂದು ಎಕರೆ ಮಾರಲು ಅವರು ಒಪ್ಪಿದ್ದರಂತೆ. ಮಧ್ಯವರ್ತಿ ಒಂದು ಲಕ್ಷ ರೂಪಾಯಿ ನಗದು ಕೊಟ್ಟು ಎರಡು ಕಾಗದಗಳಿಗೆ ಸಹಿ ಹಾಕಿಸಿಕೊಂಡಿದ್ದ. ವರ್ಷ ಕಳೆದರೂ ಬಾಕಿ ಹಣ ಬರಲಿಲ್ಲ. ಬಂದವರು ಯಾರೋ ಗುರುತಿಲ್ಲದ ಪಟ್ಟಣದ ಜನ. ಅವರ ಕೈಯಲ್ಲಿ ಮತ್ತೊಂದು ಕರಾರು ಪತ್ರ. ಕಾಗದ ಓದಿಸಿ ನೋಡಿದರೆ ಒಂದು ಎಕರೆಯಲ್ಲ, ಮೂರು ಎಕರೆ ಹನ್ನೆರಡು ಗುಂಟೆಯ ಇಡೀ ಸರ್ವೆ ನಂಬರ್ ಅದರಲ್ಲಿತ್ತು. ಇನ್ನೊಂದು ಕಾಗದ ಜನರಲ್ ಪವರ್ ಆಫ್ ಅಟಾರ್ನಿ.

ಅವರು ನನ್ನನ್ನು ಕೇಳಿದ ಮಾತು ಇಂದಿಗೂ ನೆನಪಿದೆ. "ಸ್ವಾಮಿ, ಗೊಬ್ಬರದಲ್ಲಿ ಕಲಬೆರಕೆ ಆದರೆ ನಿಮ್ಮ ಹತ್ತಿರ ಬರುತ್ತೇವೆ. ನೀವು ಮಾದರಿ ತೆಗೆದು ಅಂಗಡಿ ಮುಚ್ಚಿಸುತ್ತೀರಿ. ಇದಕ್ಕೆ ನಾನು ಯಾರ ಹತ್ತಿರ ಹೋಗಲಿ?"

ಪೊಲೀಸ್ ಠಾಣೆ ಇದೆ, ನ್ಯಾಯಾಲಯ ಇದೆ ಎಂದು ಹೇಳಿದೆ. ಅವರು ಎರಡನ್ನೂ ಹತ್ತಿದರು. ಮೊಕದ್ದಮೆ ಇನ್ನೂ ನಡೆಯುತ್ತಿದೆ. ಆ ಮಧ್ಯವರ್ತಿಯಾದರೋ ಪಕ್ಕದ ತಾಲ್ಲೂಕಿನಲ್ಲಿ ತನ್ನ ವ್ಯಾಪಾರ ಮುಂದುವರಿಸಿದ್ದಾನೆ. ರದ್ದು ಮಾಡೋಣವೆಂದರೆ ಅವನ ಬಳಿ ಲೈಸೆನ್ಸೇ ಇಲ್ಲ!

ಈ ವಿಷಯದಲ್ಲಿ ಕಾನೂನೇ ಇಲ್ಲವೆಂದಲ್ಲ. ರೇರಾ ಎಂದು ಕರೆಯುವ ರಿಯಲ್ ಎಸ್ಟೇಟ್ ಕಾಯಿದೆಯನ್ನು ಸಂಸತ್ತು 2016ರಲ್ಲಿ ಮಾಡಿತು. 2017ರ ಮೇ 1ರಿಂದ ಅದು ಪೂರ್ಣವಾಗಿ ಜಾರಿಗೆ ಬಂತು. ನೋಂದಣಿ ಆಗಬೇಕಾದ ಬಡಾವಣೆಯ ನಿವೇಶನ, ಮನೆಗಳನ್ನು ಮಾರಿಸುವ ಏಜೆಂಟನು ತಾನೂ ನೋಂದಣಿ ಮಾಡಿಸಬೇಕು, ಲೆಕ್ಕಪತ್ರ ಇಡಬೇಕು, ನೋಂದಣಿಯಾಗದ ಯೋಜನೆಯ ನಿವೇಶನ ಮಾರಿಸಬಾರದು. ತಪ್ಪಿದರೆ ದಿನಕ್ಕೆ 10,000 ರೂಪಾಯಿವರೆಗೆ ದಂಡ. ಒಳ್ಳೆಯ ಕಾನೂನು. ಆದರೆ ಅದರಲ್ಲಿ ರೈತನ ದೃಷ್ಟಿಯಿಂದ ಎರಡು ಕೊರತೆಗಳಿವೆ.

ಮೊದಲನೆಯದು, ಆ ಕಾನೂನು ಕಾಯುವುದು ಪಟ್ಟಣದಲ್ಲಿ ನಿವೇಶನ ಕೊಳ್ಳುವವನನ್ನು. ಆ ನಿವೇಶನ ಹುಟ್ಟುವ ಮೊದಲು ಅದು ಯಾರದೋ ಹೊಲವಾಗಿತ್ತಲ್ಲ, ಆ ಹೊಲವನ್ನು ಕೊಡಿಸಿದ ದಲ್ಲಾಳಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಕೃಷಿ ಜಮೀನಿನ ಬಿಡಿ ಮಾರಾಟ ಅದರ ಹೊರಗೇ ಉಳಿದಿದೆ. ಇತ್ತ ನಮ್ಮ ರಾಜ್ಯದ ಭೂ ಸುಧಾರಣಾ ಕಾಯಿದೆಗೆ 2020ರಲ್ಲಿ ತಿದ್ದುಪಡಿ ತಂದು 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿಯಾಯಿತು. ಕೊಳ್ಳುವವರ ಬಾಗಿಲು ಅಗಲವಾಯಿತು. ಮಾರುವ ರೈತನಿಗೆ ಕಾವಲು ಮಾತ್ರ ಹೆಚ್ಚಲಿಲ್ಲ.

ಎರಡನೆಯದು, ಏಜೆಂಟನ ಈ ನೋಂದಣಿ ಒಂದೊಂದು ರಾಜ್ಯಕ್ಕೆ ಒಂದೊಂದು. ಕರ್ನಾಟಕದಲ್ಲಿ ಪಡೆದದ್ದು ಹೊಸೂರಿನಲ್ಲಿ ನಡೆಯದು. ನಿಯಮಗಳೂ ಒಂದೇ ಸಮ ಇಲ್ಲ. ಮಹಾರಾಷ್ಟ್ರದ ಪ್ರಾಧಿಕಾರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಆನೇಕಲ್, ಬಾಗೇಪಲ್ಲಿ, ಬೀದರ್, ನಿಪ್ಪಾಣಿ ಕಡೆಯ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಹೆಸರು ಕೆಡಿಸಿಕೊಂಡವನು ಗಡಿ ದಾಟಿದರೆ ಹೊಸಬ.

ಹಾಗಾದರೆ ದೇಶಕ್ಕೆಲ್ಲಾ ಒಂದೇ ಲೈಸೆನ್ಸ್ ಪದ್ಧತಿ ತರಬಾರದೇಕೆ? ಈ ಪ್ರಶ್ನೆಯನ್ನು ನಮಗಿಂತ ಮೊದಲು ಆಸ್ಟ್ರೇಲಿಯ ದೇಶ ಕೇಳಿಕೊಂಡಿತು. ಅಲ್ಲಿ ಆರು ರಾಜ್ಯಗಳು, ಎರಡು ಪ್ರಾಂತಗಳು. ಜಮೀನು, ಮನೆ ಮಾರಿಸುವವರಿಗೆ ಪ್ರತಿಯೊಂದರಲ್ಲೂ ಬೇರೆ ಬೇರೆ ನಿಯಮ. ಹೊಲ ಮತ್ತು ದನಕುರಿ ಮಾರಿಸುವವರಿಗೆ ಅಲ್ಲಿ 'ಸ್ಟಾಕ್ ಅಂಡ್ ಸ್ಟೇಷನ್ ಏಜೆಂಟ್' ಎಂಬ ಹಳೆಯ ಹೆಸರೇ ಇದೆ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅವರಿಗೂ ಲೈಸೆನ್ಸ್ ಕಡ್ಡಾಯ. ಗಿರಾಕಿಯ ಹಣವನ್ನು ಏಜೆಂಟನು ತನ್ನ ಜೇಬಿಗೆ ಹಾಕಿಕೊಳ್ಳುವಂತಿಲ್ಲ, ಪ್ರತ್ಯೇಕ ಖಾತೆಯಲ್ಲಿ ಇಡಬೇಕು.

ಇಷ್ಟು ವ್ಯವಸ್ಥೆ ಇದ್ದೂ ಗಡಿ ದಾಟಿದರೆ ತೊಡಕು ತಪ್ಪಲಿಲ್ಲ. ಎಲ್ಲ ಸರ್ಕಾರಗಳೂ ಕೂಡಿ 2009ರಲ್ಲಿ ಒಪ್ಪಂದ ಮಾಡಿಕೊಂಡವು. 2010ರಲ್ಲಿ ಅದಕ್ಕೆ ಬೇಕಾದ ಕಾನೂನೂ ಆಯಿತು. ವಿದ್ಯುತ್ ಕೆಲಸದವರು, ನಲ್ಲಿ ಕೆಲಸದವರು ಮುಂತಾದವರ ಜೊತೆಗೆ ಆಸ್ತಿ ವ್ಯವಹಾರದ ಏಜೆಂಟರಿಗೂ ರಾಷ್ಟ್ರೀಯ ಲೈಸೆನ್ಸ್ ಕೊಡುವುದೆಂದು ನಿಶ್ಚಯಿಸಿದರು. ಆದರೆ ಎಲ್ಲರಿಗೂ ಒಂದೇ ಅಳತೆ ಎಂದಾಗ ಅಳತೆ ಯಾವುದು ಎಂಬ ಜಗಳ ಎದ್ದಿತು. ಹೆಚ್ಚಿನ ಶಿಕ್ಷಣ ಕೇಳುತ್ತಿದ್ದ ರಾಜ್ಯಗಳಲ್ಲಿ ಮಟ್ಟ ಕೆಳಗಿಳಿಯುತ್ತದೆಂಬ ಆತಂಕ ಹುಟ್ಟಿತು. ಬದಲಾವಣೆಯ ಖರ್ಚಿನ ಚಿಂತೆಯೂ ಸೇರಿತು. ಕೊನೆಗೆ 2013ರ ಡಿಸೆಂಬರಿನಲ್ಲಿ ಯೋಜನೆಯನ್ನೇ ಕೈಬಿಟ್ಟರು. ಬಳಿಕ 2021ರಿಂದ, ಒಂದು ರಾಜ್ಯದ ಲೈಸೆನ್ಸನ್ನು ಇನ್ನೊಂದು ರಾಜ್ಯ ತಾನಾಗಿ ಮಾನ್ಯ ಮಾಡುವ ಪದ್ಧತಿಯನ್ನು ಅಲ್ಲಿನ ಹಲವು ರಾಜ್ಯಗಳು ಆರಂಭಿಸಿದವು.

ಇದರಿಂದ ನಾವು ಕಲಿಯುವ ಪಾಠವಿದೆ. ಸೇರನ್ನು ಎಲ್ಲ ಊರಿಗೂ ಒಂದೇ ಮಾಡುವುದು ಒಳ್ಳೆಯದು. ಆದರೆ ಇರುವುದರಲ್ಲಿ ಚಿಕ್ಕ ಸೇರನ್ನು ಆರಿಸಿದರೆ ನಷ್ಟ ಅಳೆಸಿಕೊಳ್ಳುವವನಿಗೇ.

ನಮ್ಮಲ್ಲಿಯೂ ದಾರಿ ಸಲೀಸಲ್ಲ. ಸಂವಿಧಾನದ ಪ್ರಕಾರ ಭೂಮಿ ರಾಜ್ಯಗಳ ಪಟ್ಟಿಯ ವಿಷಯ. ಆಸ್ತಿ ವರ್ಗಾವಣೆ ಕೇಂದ್ರಕ್ಕೂ ರಾಜ್ಯಕ್ಕೂ ಸೇರಿದ ಪಟ್ಟಿಯಲ್ಲಿದೆ, ಆದರೆ ಅಲ್ಲಿಯೂ ಕೃಷಿ ಜಮೀನನ್ನು ಬಿಟ್ಟು ಎಂದೇ ಬರೆದಿದೆ. ಆದುದರಿಂದ ದೆಹಲಿಯ ಒಂದು ಆಜ್ಞೆಯಿಂದ ಇದು ಆಗುವ ಕೆಲಸವಲ್ಲ. ರಾಜ್ಯಗಳು ಕೂಡಿ ಒಪ್ಪಬೇಕು. ಒಪ್ಪಿದರೆ ಅಸಾಧ್ಯವೂ ಅಲ್ಲ. ಕೃಷಿ ಮಾರುಕಟ್ಟೆಯಲ್ಲಿ ಒಂದೇ ಲೈಸೆನ್ಸಿನ ಮೇಲೆ ವರ್ತಕರು ಹಲವು ಮಾರುಕಟ್ಟೆಗಳಲ್ಲಿ ಟೆಂಡರ್ ಹಾಕುವ ಏಕೀಕೃತ ವೇದಿಕೆಯನ್ನು 2014ರಲ್ಲಿ ಕಟ್ಟಿ ತೋರಿಸಿದ್ದು ನಮ್ಮ ಕರ್ನಾಟಕವೇ. ಮೆಣಸಿನಕಾಯಿಗೆ ಆದದ್ದು ಮಣ್ಣಿಗೆ ಆಗಬಾರದೇಕೆ?

ಅಂಥ ಪದ್ಧತಿ ಬಂದಾಗ ರೈತರ ಕಡೆಯಿಂದ ಮೂರು ಬೇಡಿಕೆಗಳಿರಬೇಕು. ಮೊದಲನೆಯದಾಗಿ, ಕೃಷಿ ಜಮೀನಿನ ದಲ್ಲಾಳಿಯೂ ಅದರೊಳಗೆ ಬರಬೇಕು. ಎರಡನೆಯದಾಗಿ, ಎಲ್ಲಿ ನಿಯಮ ಬಿಗಿಯಾಗಿದೆಯೋ ಅದೇ ದೇಶದ ಅಳತೆಯಾಗಬೇಕು. ಒಂದು ಕಡೆ ರದ್ದಾದ ಲೈಸೆನ್ಸ್ ಎಲ್ಲ ಕಡೆಯೂ ರದ್ದಾಗಬೇಕು. ಮೂರನೆಯದಾಗಿ, ದೂರು ಕೊಡುವ ಜಾಗ ತಾಲ್ಲೂಕು ಕೇಂದ್ರದಲ್ಲೇ ಇರಬೇಕು. ಬೆಂಗಳೂರಿಗೆ ಬಸ್ ಹತ್ತಬೇಕಾದ ನ್ಯಾಯ ಸಣ್ಣ ಹಿಡುವಳಿದಾರನಿಗೆ ದಕ್ಕುವುದಿಲ್ಲ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಮಧ್ಯವರ್ತಿಗಳೆಲ್ಲ ಮೋಸಗಾರರಲ್ಲ. ಮಾರುವವನನ್ನೂ ಕೊಳ್ಳುವವನನ್ನೂ ಎದುರು ಕೂರಿಸಿ, ಇಬ್ಬರಿಗೂ ಒಪ್ಪುವ ಬೆಲೆ ಮಾಡಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಯವರೆಗೆ ಜೊತೆಗೆ ಬರುವ ಹಿರಿಯರು ಅನೇಕ ಊರುಗಳಲ್ಲಿದ್ದಾರೆ. ಇಂಗ್ಲಿಷಿನ ಪರೀಕ್ಷೆ, ದೊಡ್ಡ ಶುಲ್ಕ ಇಟ್ಟು ಅವರನ್ನು ಹೊರಗೆ ಹಾಕಿ, ವ್ಯವಹಾರವನ್ನೆಲ್ಲ ಪಟ್ಟಣದ ದೊಡ್ಡ ಕಂಪನಿಗಳಿಗೆ ಒಪ್ಪಿಸುವುದೂ ತಪ್ಪು. ಪರೀಕ್ಷೆ ಕನ್ನಡದಲ್ಲಿರಲಿ, ಶುಲ್ಕ ಕೈಗೆ ಎಟಕುವಂತಿರಲಿ. ಲೈಸೆನ್ಸ್ ಎಂದರೆ ಲಂಚಕ್ಕೆ ಇನ್ನೊಂದು ಮೇಜು ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಆ ಅನುಮಾನಕ್ಕೆ ಕಾರಣವಿದೆ. ಆದರೂ ಗೊಬ್ಬರದ ಅಂಗಡಿಯ ಗೋಡೆಯ ಮೇಲೆ ತೂಗುವ ಲೈಸೆನ್ಸಿಗೆ ಒಂದು ನಂಬರಿದೆ. ದೂರು ಕೊಡಲು ಆ ನಂಬರಾದರೂ ಕೈಯಲ್ಲಿರುತ್ತದೆ.

ಕಾನೂನು ಬರುವವರೆಗೆ ನಿಮ್ಮ ಹೊಲಕ್ಕೆ ನೀವೇ ಬೇಲಿ. ಈ ಕೆಳಗಿನ ಅಂಶಗಳನ್ನು ದಯವಿಟ್ಟು ಗಮನದಲ್ಲಿಡಿ:

1. ಜಮೀನು ಮಾರಲು ಬೇರೆಯವರಿಗೆ ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಡಬೇಡಿ. ಅಂಥ ಪತ್ರದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಅದು ಕೈಗೆ ಸಿಕ್ಕಿದವನು ನಿಮ್ಮ ಹೆಸರಿನಲ್ಲಿ ಕ್ರಯಕ್ಕೆ ಹೊರಡಬಹುದು.

2. ಕರಾರು ಪತ್ರದಲ್ಲಿ ಸರ್ವೆ ನಂಬರ್, ಹಿಸ್ಸೆ, ಎಕರೆ ಗುಂಟೆ, ಚೆಕ್ಕುಬಂದಿ, ಪೂರ್ತಿ ಬೆಲೆ, ವಾಯಿದೆಯ ತಾರೀಖು ಇರಲೇಬೇಕು. ಒಂದು ಭಾಗ ಮಾತ್ರ ಮಾರುವುದಾದರೆ ಮೊದಲು 11ಇ ನಕ್ಷೆ ಮಾಡಿಸಿ.

3. ಮುಂಗಡವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು, ಕೆಲವು ವಿನಾಯಿತಿ ಬಿಟ್ಟು, ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ.

4. ಮಧ್ಯವರ್ತಿಯ ಹೆಸರು, ವಿಳಾಸ, ಕಮಿಷನ್ ಎಷ್ಟು ಎಂಬುದನ್ನು ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವವನ ಜೊತೆ ವ್ಯವಹಾರ ಬೇಡ.

5. ಮೂಲ ಪತ್ರಗಳನ್ನು ಕೈಬಿಡಬೇಡಿ, ನಕಲು ಕೊಡಿ. ಮಂಜೂರಾದ ಜಮೀನಾದರೆ ಷರತ್ತುಗಳನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯಿದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ.

6. ಸಹಿ ಹಾಕುವ ಮೊದಲು ಕಾಗದವನ್ನು ಮನೆಗೆ ತಂದು, ಓದು ಬಲ್ಲ ಮಗನಿಂದಲೋ ಮಗಳಿಂದಲೋ ಗಟ್ಟಿಯಾಗಿ ಓದಿಸಿ. ಮನೆಯ ಹೆಂಗಸರೂ ಕೇಳಲಿ. ಎರಡು ದಿನ ತಡೆದರೆ ಓಡಿಹೋಗುವ ಗಿರಾಕಿ ಒಳ್ಳೆಯ ಗಿರಾಕಿಯಲ್ಲ.

ಬೆಳೆ ಒಂದು ವರ್ಷ ಹೋದರೆ ಮುಂದಿನ ವರ್ಷ ಬಂದೀತು. ಎತ್ತು ಸತ್ತರೆ ಸಾಲ ಮಾಡಿ ಇನ್ನೊಂದು ತರಬಹುದು. ಕೈಬಿಟ್ಟ ಜಮೀನು ಮಾತ್ರ ಮರಳಿ ಬರುವುದು ಅಪರೂಪ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಮಾತು ಮುಗಿದ ಮೇಲೆ ಈ ವಿಷಯವನ್ನೂ ಎತ್ತಿ; ಠರಾವು ಮಾಡಿ ನಿಮ್ಮ ಶಾಸಕರಿಗೆ ಕಳಿಸಿ. ಒಂದು ಚೀಲ ಗೊಬ್ಬರಕ್ಕೆ ಇರುವ ಕಾವಲನ್ನು ಒಂದು ಎಕರೆ ಹೊಲಕ್ಕೂ ಕೇಳುವುದು ನಿಮ್ಮ ಹಕ್ಕು.