ಅರವತ್ತು-ಹದಿನಾಲ್ಕು ವರ್ಷದ ವಿದ್ಯಾರ್ಥಿ

ಮಕ್ಕಳೇ, ಒಂದು ಲೆಕ್ಕ ಹೇಳುತ್ತೇನೆ, ಪೆನ್ಸಿಲ್ ಹಿಡಿಯಿರಿ. ನಾಲ್ಕು ಇಪ್ಪತ್ತು, ಅದರ ಮೇಲೆ ಹತ್ತು, ಅದರ ಮೇಲೆ ಒಂಬತ್ತು. ಒಟ್ಟು ಎಷ್ಟಾಯಿತು? ತೊಂಬತ್ತೊಂಬತ್ತು. ಫ್ರೆಂಚ್ ಭಾಷೆಯಲ್ಲಿ 99ರ ಹೆಸರೇ ಅದು: ‘ಕಾತ್ರ್-ವ್ಯಾಂ-ದೀಜ್-ನಫ್’. ಅರವತ್ತೊಂಬತ್ತರವರೆಗೆ ನಮ್ಮ ಹಾಗೇ ಸರಾಗವಾಗಿ ಎಣಿಸುವ ಫ್ರಾನ್ಸಿನವರು ಎಪ್ಪತ್ತು ಬಂದಕೂಡಲೇ ‘ಅರವತ್ತು-ಹತ್ತು’ ಅನ್ನುತ್ತಾರೆ. ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’. ನನಗೀಗ 74. ಅವರ ಲೆಕ್ಕದಲ್ಲಿ ನಾನು ಅರವತ್ತು-ಹದಿನಾಲ್ಕು ವರ್ಷದವನು. ಹದಿನಾಲ್ಕು ಕೊನೆಗೆ ಕೇಳಿಸುವುದರಿಂದ ನನಗೇನೂ ಬೇಜಾರಿಲ್ಲ.

ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು, ಚೆಕ್ಕಿನ ಮೇಲಿನ ಅಂಕಿಗೂ ಅಕ್ಷರಕ್ಕೂ ತಾಳೆಯಾಗುತ್ತದೆಯೇ ಎಂದು ನೋಡಿದವನು ನಾನು. ಅಲ್ಲಿನ ಗುಮಾಸ್ತರನ್ನು ನೆನೆದು ಕನಿಕರವಾಯಿತು. ಇಪ್ಪತ್ತರ ಲೆಕ್ಕ ಅವರಲ್ಲಿ ಬಹಳ ಹಳೆಯದು. ಪ್ಯಾರಿಸ್ಸಿನಲ್ಲಿ ‘ಕ್ಯಾಂಜ್-ವ್ಯಾಂ’ ಅನ್ನುವ ಕಣ್ಣಿನ ಆಸ್ಪತ್ರೆಯಿದೆ. ‘ಹದಿನೈದು ಇಪ್ಪತ್ತು’ ಎಂದು ಅದರ ಅರ್ಥ. 13ನೇ ಶತಮಾನದಲ್ಲಿ ರಾಜ ಒಂಬತ್ತನೇ ಲೂಯಿ 300 ಮಂದಿ ಅಂಧರಿಗಾಗಿ ಸ್ಥಾಪಿಸಿದ ಆಶ್ರಮ ಅದು. ಪಕ್ಕದ ಬೆಲ್ಜಿಯಂನ ಫ್ರೆಂಚರು ಮಾತ್ರ 70ಕ್ಕೆ ‘ಸೆಪ್ತಾಂತ್’, 90ಕ್ಕೆ ‘ನೊನಾಂತ್’ ಎಂದು ಒಂದೊಂದೇ ಪದದಲ್ಲಿ ಮುಗಿಸುತ್ತಾರೆ. ನನ್ನ ವೋಟು ಅವರಿಗೆ.

ಈ ವಯಸ್ಸಿನಲ್ಲಿ ಫ್ರೆಂಚ್ ಯಾಕೆ ಎಂದು ವಾಕಿಂಗ್ ಗೆಳೆಯರು ಕೇಳುತ್ತಾರೆ. ಮಗಳು, ಅಳಿಯ ಟೂಲೂಸ್‌ನಲ್ಲಿದ್ದಾರೆ, ವಿಮಾನ ತಯಾರಾಗುವ ಊರು. ಮೊಮ್ಮಗಳಿಗೆ ಆರು ವರ್ಷ. ಫ್ರಾನ್ಸಿನಲ್ಲಿ 2019ರಿಂದ ಮೂರು ವರ್ಷಕ್ಕೇ ಶಿಕ್ಷಣ ಕಡ್ಡಾಯ. ಹಾಗಾಗಿ ಮಗು ಆಡುವುದು, ಅಳುವುದು, ಜಗಳವಾಡುವುದು ಎಲ್ಲ ಫ್ರೆಂಚಿನಲ್ಲೇ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ ಬರುವುದಿಲ್ಲ. ಮೊದಲೆಲ್ಲ ಭಾನುವಾರದ ವಿಡಿಯೋ ಕರೆ ಅರ್ಧ ಗಂಟೆ ನಡೆಯುತ್ತಿತ್ತು. ಬರಬರುತ್ತಾ ‘ಊಟ ಆಯ್ತಾ ಪುಟ್ಟಿ?’ ‘ವಿ’ (ಹೌದು) ಅಷ್ಟಕ್ಕೇ ನಿಂತು, ಫೋನು ಅವಳ ಅಮ್ಮನ ಕೈ ಸೇರತೊಡಗಿತು. “ದೊಡ್ಡವಳಾದ ಮೇಲೆ ಇಂಗ್ಲಿಷ್ ಕಲೀತಾಳೆ, ಆಗ ಮಾತಾಡೀರಂತೆ” ಅಂದಳು ನನ್ನಾಕೆ. ಅವಳು ದೊಡ್ಡವಳಾಗುವ ಹೊತ್ತಿಗೆ ನಾನೆಲ್ಲಿರುತ್ತೇನೋ! ಮಾರನೆಯ ದಿನವೇ ಇನ್ನೂರು ಪುಟದ ನೋಟ್‌ಬುಕ್ ತಂದೆ.

ಮೇಜು ಹೆಂಗಸು, ಪುಸ್ತಕ ಗಂಡಸು. ನಪುಂಸಕಲಿಂಗವೇ ಇಲ್ಲದ ಭಾಷೆ ಇದು. ಚಂದ್ರನೂ ಅಲ್ಲಿ ಹೆಂಗಸೇ, ‘ಲ ಲ್ಯೂನ್’. ಅವಳು ಹೇಗೆ ಮಾಮ ಆಗುತ್ತಾಳೆ ಎಂದು ಪುಟ್ಟಿ ಕೇಳಿದಾಗ ನನ್ನ ಬಿಕಾಂ ಪದವಿ ಉಪಯೋಗಕ್ಕೆ ಬರಲಿಲ್ಲ. ಹಕ್ಕಿಗೆ ‘ವಾಜೋ’ ಅನ್ನುತ್ತಾರೆ. ಬರೆಯುವುದು ಹೇಗೆ ಗೊತ್ತೇ? ಓ, ಐ, ಎಸ್, ಇ, ಎ, ಯು. ಇಂಗ್ಲಿಷಿನ ಐದೂ ಸ್ವರಗಳು ಒಂದೇ ಹಕ್ಕಿಯ ಹೊಟ್ಟೆಯಲ್ಲಿ! ಒಂದು ಸಮಾಧಾನವೆಂದರೆ ನಮ್ಮ ‘ನೀನು’, ‘ನೀವು’ ಅವರಲ್ಲೂ ಇವೆ: ‘ತ್ಯು’ ಮತ್ತು ‘ವು’. ಯಾರಿಗೆ ಯಾವುದು ಅನ್ನುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೋದ ವರ್ಷ ಅಲ್ಲಿಗೆ ಹೋಗಿದ್ದಾಗ ಶಾಲೆಯ ಗೇಟಿನಲ್ಲಿ ಅವಳು “ತಾತಾ!” ಎಂದು ಓಡಿಬಂದಳು. ಜೊತೆಯ ಮಕ್ಕಳೆಲ್ಲ ಕಿಸಕ್ಕನೆ ನಕ್ಕವು. ಫ್ರೆಂಚ್ ಮಕ್ಕಳ ಮಾತಿನಲ್ಲಿ ‘ತಾತಾ’ ಅಂದರೆ ಅತ್ತೆಯೋ ಚಿಕ್ಕಮ್ಮನೋ ಆಗುತ್ತದಂತೆ. ಬಿಳಿ ಮೀಸೆಯ ಚಿಕ್ಕಮ್ಮ! ಹಾಗಾದರೆ ತಾತನಿಗೆ ಅಲ್ಲಿ ಏನನ್ನುತ್ತಾರೆ ಎಂದು ಮಗಳನ್ನು ಕೇಳಿದೆ. ‘ಪಾಪಿ’ ಅಂದಳು. ಪಾಪಿಗಿಂತ ಚಿಕ್ಕಮ್ಮನೇ ವಾಸಿ ಎಂದು ತೀರ್ಮಾನವಾಯಿತು.

ನನಗೆ ಬಲು ಇಷ್ಟವಾದವು ಅವರ ನುಡಿಗಟ್ಟುಗಳು. ನಮಗೆ ಗಂಟಲು ಕಟ್ಟಿದರೆ ಅವರಿಗೆ ‘ಗಂಟಲಲ್ಲಿ ಬೆಕ್ಕು’ ಕೂರುತ್ತದೆ. ಜೋರು ಮಳೆ ಬಂದರೆ ‘ಹಗ್ಗ ಸುರಿಯುತ್ತದೆ’. ಎಂದೂ ಆಗದ ಕೆಲಸಕ್ಕೆ ನಾವು ಮೊಲಕ್ಕೆ ಕೊಂಬು ಬರಲಿ ಅಂದರೆ, ಅವರು ‘ಕೋಳಿಗೆ ಹಲ್ಲು ಬಂದಾಗ’ ಅನ್ನುತ್ತಾರೆ.

ಹಲ್ಲು ಅಂದೊಡನೆ ನೆನಪಾಯಿತು. ಕಳೆದ ಭಾನುವಾರ ಪುಟ್ಟಿಯ ಮುಂದಿನ ಹಲ್ಲು ಬಿದ್ದಿತ್ತು. ಅಲ್ಲಿ ಬಿದ್ದ ಹಲ್ಲನ್ನು ದಿಂಬಿನಡಿ ಇಡುತ್ತಾರೆ. ರಾತ್ರಿ ಪುಟ್ಟ ಇಲಿಯೊಂದು ಬಂದು ಅದನ್ನೊಯ್ದು ನಾಣ್ಯ ಇಟ್ಟುಹೋಗುತ್ತದಂತೆ. ಇದನ್ನೆಲ್ಲ ಅವಳು ಫ್ರೆಂಚಿನಲ್ಲಿ ಹೇಳಿದಳು, ಮುಕ್ಕಾಲು ಪಾಲು ನನಗೆ ತಿಳಿಯಿತು. ನಮ್ಮಲ್ಲಿ ಹಲ್ಲನ್ನು ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆಯುತ್ತೇವೆ ಎಂದು ನಾನು ಕನ್ನಡದಲ್ಲಿ ಹೇಳಿದೆ. ಅವಳ ಕಣ್ಣು ಅರಳಿತು.

“ತಾತ, ಸಗಣಿ ಅಂದ್ರೆ ಏನು?”

ಪೂರ್ತಿ ಕನ್ನಡದಲ್ಲಿ ಕೇಳಿದಳು. ನನ್ನ ನೋಟ್‌ಬುಕ್ಕಿನಲ್ಲಿ ಹಸು ಇತ್ತು, ‘ಲ ವಾಶ್’, ಸಗಣಿ ಇರಲಿಲ್ಲ. ಉಳಿದದ್ದನ್ನು ಅಭಿನಯ ಮಾಡಿ ತೋರಿಸಿದೆ. ಅಂದಿನ ಕರೆ ನಲವತ್ತು ನಿಮಿಷ ನಡೆಯಿತು.