ಹಳದಿಯಾದ ಜೆಟ್‌ಫೈರ್ ಮತ್ತು ನನ್ನ ಅಧಿಕಪ್ರಸಂಗ

ಹಳೇ ಪ್ಲಾಸ್ಟಿಕ್ ರೋಬೋಗಳಿಗೆ ಹೊಸ ಬಣ್ಣ ಬಳಿಯುವವರನ್ನು ಕಂಡರೆ ನನಗೆ ಈಗೀಗ ಸಿಟ್ಟು ಬರುತ್ತೆ. ಅವರಲ್ಲಿ ಮೊದಲನೇ ಆರೋಪಿ ನಾನೇ ಆಗಿರೋದರಿಂದ ಸ್ವಲ್ಪ ಅಧಿಕಾರದಿಂದಲೇ ಬರೆಯಬಹುದು ಅಂದುಕೊಂಡಿದ್ದೇನೆ :)

1986ರ ಬೇಸಿಗೆ ರಜೆಗೆ ಅಮೆರಿಕದಿಂದ ಬಂದ ಸೋದರಮಾವ ನನಗೂ ಅಣ್ಣನಿಗೂ ಸೇರಿಸಿ ಒಂದೇ ಆಟಿಕೆ ತಂದಿದ್ದರು. ಟ್ರಾನ್ಸ್‌ಫಾರ್ಮರ್ಸ್ ಸರಣಿಯ ಜೆಟ್‌ಫೈರ್. ಬಿಳಿ ಮೈ, ಅಲ್ಲಲ್ಲಿ ಕೆಂಪು. ಯುದ್ಧವಿಮಾನವನ್ನು ಮಡಚಿ ತಿರುಚಿದರೆ ರೋಬೋ, ಅರ್ಧಕ್ಕೆ ನಿಲ್ಲಿಸಿದರೆ ಕಾಲು ಬಂದ ವಿಮಾನ! ಒಂದು ಆಟಿಕೆ, ಇಬ್ಬರು ಹುಡುಗರು... ಮನೆಯಲ್ಲಿ ನಡೆದ ಮಹಾಯುದ್ಧಗಳನ್ನು ನೀವೇ ಊಹಿಸಿಕೊಳ್ಳಿ. ಒಂದು ದಿನ ಅಣ್ಣ ಕೈವಾರದ ಮೊನೆಯಿಂದ ರೆಕ್ಕೆಯ ಅಡಿಭಾಗದಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಕೆತ್ತಿಬಿಟ್ಟ. ನಾನು ಅತ್ತು ರಂಪ ಮಾಡಿದ್ದಕ್ಕೆ ಅಪ್ಪ ಅವನ ಕೈಯಲ್ಲೇ ಪಕ್ಕಕ್ಕೆ ನನ್ನದನ್ನೂ ಕೆತ್ತಿಸಿದರು.

ಈ ಜೆಟ್‌ಫೈರ್‌ನ ಜಾತಕವೇ ವಿಚಿತ್ರ. 1982ರ ಜಪಾನಿನ ಮ್ಯಾಕ್ರಾಸ್ ಆನಿಮೇಷನ್ ಧಾರಾವಾಹಿಯಲ್ಲಿ ಬರುವ ವ್ಯಾಲ್ಕಿರಿ ವಿಮಾನವನ್ನು ಟಕಟೋಕು ಅನ್ನೋ ಕಂಪನಿ ಆಟಿಕೆ ಮಾಡಿತ್ತು. ಆ ಕಂಪನಿ 1984ರಲ್ಲಿ ದಿವಾಳಿಯಾಯಿತು. ಅದೇ ಗೊಂಬೆಗೆ ಹೊಸ ಹೆಸರಿಟ್ಟು 1985ರಲ್ಲಿ ಹ್ಯಾಸ್ಬ್ರೊ ಮಾರಿತು. ಮೊದಮೊದಲ ಪ್ರತಿಗಳ ರೆಕ್ಕೆ ಮೇಲೆ ಮ್ಯಾಕ್ರಾಸ್ ಚಿಹ್ನೆ ಹಾಗೇ ಉಳಿದಿತ್ತು. ಟೀವಿ ಕಾರ್ಟೂನಿನಲ್ಲಿ ಮಾತ್ರ ಅದೇ ಪಾತ್ರದ ಹೆಸರು ಸ್ಕೈಫೈರ್, ರೂಪವೂ ಬೇರೆ!

ಇದಕ್ಕಿರುವ ಇನ್ನೊಂದು ಕುಖ್ಯಾತಿ ಹಳದಿಯಾಗೋದು. ಎಬಿಎಸ್ ಪ್ಲಾಸ್ಟಿಕ್ಕಿನೊಳಗಿನ ರಬ್ಬರಿನ ಅಂಶ ಬೆಳಕಿಗೆ, ಗಾಳಿಗೆ ಒಡ್ಡಿಕೊಂಡು ನಿಧಾನವಾಗಿ ಕೆಡುತ್ತೆ. ಶೋಕೇಸಿನಲ್ಲಿ ವರ್ಷಗಟ್ಟಲೆ ಕೂತ ನಮ್ಮದು ಹಳೇ ಹಾರ್ಮೋನಿಯಂ ಮನೆಗಳ ಬಣ್ಣಕ್ಕೆ ತಿರುಗಿತ್ತು.

ಅಣ್ಣನ 50ನೇ ಹುಟ್ಟುಹಬ್ಬಕ್ಕೆ ಇದನ್ನೇ ಹೊಸದರಂತೆ ಮಾಡಿ ಕೊಡೋಣ ಅಂತ ನನ್ನ ತಲೆಗೆ ಹೊಳೀತು. ಮೊದಲು ಹೈಡ್ರೋಜನ್ ಪೆರಾಕ್ಸೈಡ್. ಹಳೇ ಕಂಪ್ಯೂಟರ್ ಹುಚ್ಚಿನವರು 2008ರ ಸುಮಾರಿಗೆ ಜನಪ್ರಿಯ ಮಾಡಿದ ಉಪಾಯ ಇದು. ಪಾರ್ಲರಿನವರು ಕೂದಲಿಗೆ ಬಳಸುವ 12% ಕ್ರೀಮ್ ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಸಿಲಿಗಿಡೋದು. (ಗ್ಲೌಸ್ ಹಾಕಿಕೊಳ್ಳಿ, ನನ್ನ ಬೆರಳ ತುದಿಗಳು ಸುಣ್ಣ ಬಳಿದಂತಾಗಿದ್ದವು.) ಸ್ಕ್ರೂ, ಸ್ಪ್ರಿಂಗ್ ಎಲ್ಲ ಮೊದಲೇ ಬಿಚ್ಚಿಟ್ಟಿದ್ದೆ. ಆದರೆ ಕ್ರೀಮ್ ಒಂದೇ ಸಮ ಬಳಿಯದೆ ಮೈಯೆಲ್ಲ ಮೋಡ ಮೋಡ. ತಾಳ್ಮೆ ಕೆಟ್ಟು ಉಪ್ಪುಕಾಗದದಲ್ಲಿ ಉಜ್ಜಿ ಬಿಳಿ ಸ್ಪ್ರೇ ಪೇಂಟ್ ಹೊಡೆದೆ. ಎರಡು ಕೋಟ್! ದೂರದಿಂದ ಥಳಥಳ. ಮಡಚಲು ಹೋದರೆ ಕೀಲುಗಳು ಬಿಗಿ, ತಿರುಗಿಸಿದಲ್ಲೆಲ್ಲ ಬಣ್ಣ ಕೆರೆದುಕೊಂಡು ಬಂತು.

ಅಣ್ಣ ಪೆಟ್ಟಿಗೆ ಬಿಚ್ಚಿ "ಚೆನ್ನಾಗಿದೆ ಕಣೋ" ಅಂದ. ಆಮೇಲೆ ರೆಕ್ಕೆ ತಿರುಗಿಸಿ ಅಡಿಭಾಗ ನೋಡಿದ. ಬೆರಳಲ್ಲಿ ಸವರಿ ನೋಡಿದ.

"ನಮ್ದೆಲ್ಲೋ?"

"ಇದೇ ನಮ್ದು" ಅಂದೆ. ಅವನು ಏನೂ ಹೇಳಲಿಲ್ಲ. ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು.

ಆಮೇಲೆ ಹೊಳೆದದ್ದು ಇಷ್ಟು. ಜೆಟ್‌ಫೈರ್‌ನ ಬಿಳುಪು ಬಣ್ಣವೇ ಅಲ್ಲ, ಪ್ಲಾಸ್ಟಿಕ್ಕಿಗೇ ಬೆರೆಸಿ ಅಚ್ಚು ಹೊಯ್ದದ್ದು. ಅದರ ಮೇಲೆ ಪೇಂಟ್ ಹೊಡೆಯೋದು ಇದ್ದದ್ದನ್ನು ವಾಪಸ್ ತರೋದಲ್ಲ, ಎಂದೂ ಇಲ್ಲದ್ದನ್ನು ಮೆತ್ತೋದು. ಧೂಳು ತೊಳೆಯಿರಿ, ಸಡಿಲವಾದ ಕೀಲು ಬಿಗಿ ಮಾಡಿ, ಕಳೆದುಹೋದ ಕ್ಷಿಪಣಿಗೆ ಬದಲಿ ಹುಡುಕಿ, ಸ್ಟಿಕ್ಕರ್ ಅಂಟಿಸಿ, ನನ್ನ ತಕರಾರಿಲ್ಲ. ಪೆರಾಕ್ಸೈಡಿಗೂ ನಾನು ಹಿಂಜರಿಯುತ್ತೇನೆ, ತಂದ ಬಿಳುಪು ಎಷ್ಟೋ ಸಲ ಮತ್ತೆ ಹಳದಿಗೇ ಹೋಗುತ್ತೆ.

ಗೆಳೆಯನೊಬ್ಬ ವಾದ ಹೂಡಿದ, "ತೇರಿಗೆ ಮತ್ತೆ ಮತ್ತೆ ಬಣ್ಣ ಹೊಡೆಯಲ್ವಾ?" ಹೊಡೀತಾರೆ, ತೇರು ಇನ್ನೂ ಎಳೆಯೋ ವಸ್ತು. ಮಗು ಇವತ್ತೂ ಆಡೋ ಗೊಂಬೆಯಾದರೆ ನೀನೂ ಹೊಡಿ ಅಂದೆ. ಆದರೆ ಹಳೇ ಗುಡಿಯ ಕಲ್ಲುಕಂಬಕ್ಕೆ ಯಾರೋ ಆಯಿಲ್ ಪೇಂಟ್ ಬಳಿದರೆ ನಾವೇ ಅಲ್ವಾ ಹೊಟ್ಟೆ ಉರಿಸಿಕೊಳ್ಳೋದು? ಕೈಕಾಲು ಮುರಿದ, ಯಾರಿಗೂ ಬೇಡವಾದ ಗೊಂಬೆ ಸಿಕ್ಕರೆ ನವಿಲುಬಣ್ಣವನ್ನೇ ಬಳಿಯಿರಿ, ಅದೊಂದು ಬೇರೆಯೇ ಕಲೆ, ನನಗೂ ಇಷ್ಟ. ಹಾಗೆ ಬಳಿದದ್ದನ್ನು 'ಒರಿಜಿನಲ್' ಅಂತ ಮಾರುವವರಿದ್ದಾರಲ್ಲ, ಅವರ ಬಗ್ಗೆ ಇಲ್ಲಿ ಬರೆಯೋ ಭಾಷೆ ನನ್ನ ಹತ್ತಿರ ಇಲ್ಲ.

ಪೇಂಟನ್ನೇನೋ ತೆಗೀಬಹುದು. ಉಪ್ಪುಕಾಗದ ತಿಂದ ಅಕ್ಷರ ಬರೋದಿಲ್ಲ. ಮೊನ್ನೆ ಅಣ್ಣ ಫೋನ್ ಮಾಡಿ "ಬರೋವಾಗ ಒಂದು ಕೈವಾರ ತಗೊಂಡ್ ಬಾರೋ, ಮತ್ತೆ ಕೆತ್ತೋಣ" ಅಂದ. ಕೈವಾರ ಕೊಂಡು ತಂದಿಟ್ಟಿದ್ದೇನೆ. ಕೆತ್ತಬೇಕೋ ಬೇಡವೋ ಇನ್ನೂ ಗೊತ್ತಾಗಿಲ್ಲ. ನೀವೇನಂತೀರಿ?